ನಿಮ್ಮದು ಎಷ್ಟು ಸಂಸಾರ?

ನಂಜನಗೂಡು
೧೮ ಜೂನ್ ೨೦೨೪

ನನ್ನ ಶ್ವೇತಾ,

ನಿನ್ನ ಕಾರ್ಡು ಬಂತು! ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದಾಗ ನಮ್ಮ ಅತ್ತೆ ಕೋರ್ಟಿನ ನೋಟಿಸೇ ಬಂತೆಂದು ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿ ಬಂದರು. ಫೋನು ಬೇಡ, ಕಾಗದ ಬರಿ ಅಂತ ಬರೆದಿದ್ದೀಯಲ್ಲ, ಎಂಥಾ ಐಡಿಯಾ! ಅಂಗಡಿಗೆ ಓಡಿಹೋಗಿ ತಿಳಿ ಗುಲಾಬಿ ಕಾಗದವನ್ನೇ ತಂದೆ. ಒತ್ತಕ್ಷರ ತಪ್ಪಿದ್ದರೆ ತಿದ್ದು. ಡಿಗ್ರಿಯಲ್ಲಿ ನನ್ನ ಕನ್ನಡ ಪೇಪರು ಪಾಸಾದದ್ದೇ ನಿನ್ನಿಂದ ಅಲ್ಲವಾ?

ಮದುವೆಯಾಗಿ ನಾಲ್ಕು ತಿಂಗಳಾಯಿತು. ನನ್ನ ಕಾಲು ಇನ್ನೂ ನೆಲದ ಮೇಲಿಲ್ಲ. ನರೇಂದ್ರ ಫ್ಯಾಕ್ಟರಿಯಿಂದ ಬಂದ ತಕ್ಷಣ ಸ್ಕೂಟರಿನಲ್ಲಿ ನನ್ನನ್ನು ಕಪಿಲಾ ನದಿಯ ಮೆಟ್ಟಿಲಿಗೆ ಕರೆದುಕೊಂಡು ಹೋಗುತ್ತಾರೆ. ನಾನು ಮಾತಾಡುತ್ತೇನೆ, ಅವರು ಕಡಲೆಕಾಯಿ ಬಿಡಿಸಿ ನನ್ನ ಕೈಗೆ ಹಾಕುತ್ತಾರೆ. "ನೀವೂ ಏನಾದರೂ ಹೇಳಿ" ಅಂದರೆ, "ನೀನು ಉಸಿರು ತೆಗೆದುಕೊಳ್ಳುವಾಗ ಹೇಳೋಣ ಅಂತ ಕಾಯ್ತಾ ಇದ್ದೀನಿ" ಅಂತಾರೆ!

ಈಗ ದೊಡ್ಡ ಸುದ್ದಿ. ನನಗೆ ಕೆಲಸ ಸಿಕ್ಕಿದೆ. ಒಂದು ಸಂಶೋಧನಾ ಸಂಸ್ಥೆಯವರು ನಮ್ಮ ತಾಲ್ಲೂಕಿನ ಮನೆ ಮನೆಗೆ ಹೋಗಿ ಜನ ಹೇಗೆ ಬದುಕುತ್ತಾರೆ, ಏನು ದುಡಿಯುತ್ತಾರೆ, ಏನು ತಿನ್ನುತ್ತಾರೆ, ಹೆಂಗಸರು ಯಾರ ಊಟ ಆದ ಮೇಲೆ ಕೂರುತ್ತಾರೆ ಎಲ್ಲ ಕೇಳುತ್ತಿದ್ದಾರೆ. ಮೊದಲು ಬೀದಿಯ ಎಲ್ಲ ಮನೆಗಳನ್ನೂ ಪಟ್ಟಿ ಮಾಡಬೇಕು, ಆಮೇಲೆ ಆರಿಸಿದ ಮನೆಗಳಲ್ಲಿ ಕೂತು ಉದ್ದದ ಪ್ರಶ್ನೆ. ಹೋದ ಕಡೆಯೆಲ್ಲ ನನ್ನ ಹೆಸರಿನದೇ ಗೋಳು. "ನಿನ್ ಎಸ್ರೇನವ್ವಾ?" "ಸಮೀಕ್ಷಾ." "ಸಮೀಕ್ಸೆಯೋರು ಅಂತ ಗೊತ್ತಾಯ್ತು ಕಣವ್ವ, ಎಸ್ರು ಯೋಳು!"

ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ ಚೆನ್ನಾಗೇ ಇತ್ತು. ಕನ್ನಡದಲ್ಲಿ ಮಾತ್ರ "ಈ ವಸತಿ ಘಟಕದಲ್ಲಿ ವಾಸಿಸುವ ಕುಟುಂಬ ಘಟಕಗಳ ಸಂಖ್ಯೆ" ಅಂತ ಮಾಡಿಟ್ಟಿದ್ದರು. ಒಬ್ಬ ತಾತ ಅದನ್ನು ಕೇಳಿ, "ಗಟಕ ಎಲ್ಲ ಇಲ್ಲ, ಎಲ್ಡು ಎಮ್ಮೆ ಅವೆ" ಅಂದ. ಆಗ ನಾನೇ ಸರಳ ಮಾಡಿಕೊಟ್ಟೆ: "ನಿಮ್ಮದು ಎಷ್ಟು ಸಂಸಾರ?" ನಮ್ಮ ಸೂಪರ್‌ವೈಸರ್ ರಘು ಸರ್ ಇಡೀ ಟೀಮಿಗೆ ಅದನ್ನೇ ಕೇಳಿ ಅಂತ ಹೇಳಿಬಿಟ್ಟರು. ಹೇಗಿದೆ?

ನಿನ್ನ ವಿಷಯ ಬರಿ. ನಿನ್ನ ಮದುವೆಯ ಹೊತ್ತಿಗೆ ನನಗೆ ಸೀತಾಳೆ ಸಿಡುಬು. ಐದು ವರ್ಷವಾದರೂ ನಿಮ್ಮವರ ಮುಖ ನೋಡಿಲ್ಲ. ನಿನ್ನ ಡಿಪಿಯಲ್ಲಿ ಯಾವಾಗಲೂ ಶಿವಲಿಂಗವೇ, ಹೆಸರು ಕೇಳಿದರೆ "ನಮ್ಮನೆಯವರು"! ಅಜ್ಜಿ ಕಣೇ ನೀನು.

ನಿನ್ನ,
ಸಮೀ


ತಿ. ನರಸೀಪುರ
೨೮ ಜೂನ್ ೨೦೨೪

ಸಮೀ,

ಕಾಗದ ಓದಿ ತುಂಬ ದಿನದ ಮೇಲೆ ನಕ್ಕೆ. ನಮ್ಮತ್ತೆ ಮಲ್ಲಾಜಮ್ಮನವರು, "ಏನದು, ಅಲ್ಕಿರೀತಾ ಕೂತಿದ್ದೀ?" ಅಂದರು. ಗ್ಯಾಸ್ ಬುಕ್ ಮಾಡಿದ ಚೀಟಿ ಅಂದೆ. ಈ ಮನೆಯಲ್ಲಿ ಫೋನು ಎಲ್ಲರದ್ದು. ಕಾಗದವಾದರೆ ಅತ್ತೆಗೆ ಓದಲು ಬರುವುದಿಲ್ಲ, ನಮ್ಮನೆಯವರಿಗೆ ಓದುವ ತಾಳ್ಮೆ ಇಲ್ಲ. ಅದಕ್ಕೇ ಕೇಳಿದ್ದು.

ನಾನು ಚೆನ್ನಾಗಿದ್ದೇನೆ. ನಮ್ಮನೆಯವರು ವ್ಯಾಪಾರದ ಮೇಲೆ ವಾರಕ್ಕೆ ಮೂರು ದಿನ ಹೊರಗೇ ಇರುತ್ತಾರೆ. ಬರಬರುತ್ತ ಅದು ನಾಲ್ಕಾಗಿದೆ. ಒಂದು ತಮಾಷೆ ಕೇಳು. ಈ ಸಲ ಆಷಾಢಕ್ಕೆ ದೇವನೂರಿಗೆ, ನನ್ನ ತವರಿಗೆ, ಹೋಗಿ ಬಾ ಅನ್ನುತ್ತಿದ್ದಾರೆ ಅತ್ತೆ. ಆಷಾಢಕ್ಕೆ ತವರಿಗೆ ಹೋಗುವುದು ನಿನ್ನಂಥ ಹೊಸ ಮದುವಣಗಿತ್ತಿ. ಐದು ವರ್ಷ ಒಲೆ ಉರಿಸಿದವಳನ್ನು ಯಾರಾದರೂ ಕಳಿಸುತ್ತಾರಾ? "ವಸಿ ಮೈ ಸುಧಾರಿಸ್ಕಂಡು ಬಾ" ಅಂದರು. ನನ್ನ ಮೈಗೆ ಏನಾಗಿದೆ? ಮಗು ಆಗಿಲ್ಲ ಅನ್ನುವುದು ಬಿಟ್ಟರೆ ಏನೂ ಆಗಿಲ್ಲ. ನಾನು ಹೋಗುವುದಿಲ್ಲ. ಹೋದರೆ ಕರೆಯಲು ಯಾರೂ ಬರುವುದಿಲ್ಲ ಅಂತ ಅನ್ನಿಸಿದೆ.

ನಿನ್ನ ಪಟ್ಟಿಯಲ್ಲಿ ಕವಲಂದೆ ಇದೆಯಾ? ದೊಡ್ಡ ಊರು, ನಿನಗೆ ಬೇಕಾದಷ್ಟು ಕಥೆ ಸಿಗುತ್ತದೆ. ಬಸ್ ನಿಲ್ಲುವ ಜಾಗದ ಹಿಂದಿನ ಬೀದಿಗಳನ್ನು ಬಿಡಬೇಡ. ಅಲ್ಲಿಗೆ ಹೋದರೆ ಎಲ್ಲ ವಿವರವಾಗಿ ಬರಿ, ನೀನು ಬರೆದರೆ ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ ಚೆನ್ನಾಗಿದೆ. ತಿದ್ದುವಂಥದ್ದೇನೂ ಇಲ್ಲ. ಹಾಗೇ ಕೇಳು. ಗಂಡಸರನ್ನೇ ಕೇಳು.

ಶ್ವೇತ


ಮೈಸೂರು
೧೫ ಜುಲೈ ೨೦೨೪

ಶ್ವೇತಾ, ಶ್ವೇತಾ, ಶ್ವೇತಾ!

ನಾನು ಆಷಾಢಕ್ಕೆ ಅಮ್ಮನ ಮನೆಯಲ್ಲಿದ್ದೇನೆ, ಇಲ್ಲಿಂದಲೇ ಬಸ್ಸಿನಲ್ಲಿ ಹಳ್ಳಿಗಳಿಗೆ ಓಡಾಟ. ನರೇಂದ್ರ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಾರೆ. ವಿರಹ! ಅಮ್ಮ ಕೋಣೆಯ ಬಾಗಿಲು ಬಡಿದು, "ಸಾಕು ಮಾರಾಯ್ತಿ, ಅವನಿಗೂ ಡ್ಯೂಟಿ ಇರುತ್ತೆ" ಅಂತಾಳೆ.

ನೀನು ಹೇಳಿದ ಕವಲಂದೆಗೆ ಹೋಗಿದ್ದೆ. ಕೂತುಕೊಂಡು ಓದು, ಬಿದ್ದುಬಿಡುತ್ತೀಯಾ.

ಬಸ್ ನಿಲ್ಲುವ ಜಾಗದ ಹಿಂದಿನ ಬೀದಿ, ಹಸಿರು ಗೇಟಿನ ಹೊಸ ಮನೆ. ಯಜಮಾನ ಜಗಲಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ಮೂರು ನಾಲ್ಕು ಜನ ಹರಟೆಮಲ್ಲರು. ಹೆಸರು ಹೇಳುವ ಹಾಗಿಲ್ಲ, ಅದು ನಮ್ಮ ರೂಲು. ಬಾಳೆಕಾಯಿ ಮಹಾಶಯ ಅನ್ನೋಣ. ಸುತ್ತಮುತ್ತ ತೋಟಗಳಲ್ಲಿ ಗೊನೆ ಕೊಂಡು ಮಾರುವವನು. ಗುಂಡು ಮುಖ, ಬಲಗೈ ಹೆಬ್ಬೆರಳಿಗೆ ಉಗುರೇ ಇಲ್ಲ, ಏನು ಕೇಳಿದರೂ ಕೊನೆಗೆ "ಆಯ್ತು ಬುಡಿ" ಅಂತಾನೆ. ಬಿಳಿ ಅಂಗಿಯ ತುಂಬ ಬಾಳೆಯ ಕರೆ. ಜೇಬಿನ ಕೆಳಗೆ ಹರಿದ ಕಡೆ ನೀಲಿ ದಾರದಲ್ಲಿ ಹೊಲಿದಿದೆ! ಪಾಪ, ಹೊಲಿದವಳಿಗೆ ಆ ಹೊತ್ತಿಗೆ ಬಿಳಿ ದಾರ ಸಿಗಲಿಲ್ಲವೇನೋ.

ನಾನು ಕೇಳಿದೆ: "ನಿಮ್ಮದು ಎಷ್ಟು ಸಂಸಾರ?"

ಜಗಲಿಯೆಲ್ಲ ಗೊಳ್ಳೆಂದಿತು. ಒಬ್ಬ, "ಯೋಳ್ಲಾ, ಯೋಳು, ಗೌರ್ಮೆಂಟೇ ಕೇಳ್ತಾ ಅದೆ" ಅಂದ.

ಮಹಾಶಯ ನನ್ನ ಕಡೆ ಬಗ್ಗಿ, "ಯಾರ್ಗಾದ್ರೂ ಯೋಳ್ತೀರಾ ಮೇಡಮ್ಮೋರೇ?"

"ಇಲ್ಲಪ್ಪ. ನೀವು ಹೇಳಿದ್ದು ಗುಟ್ಟಾಗಿರುತ್ತೆ. ಹೆಸರು ಎಲ್ಲೂ ಬರೋದಿಲ್ಲ."

"ಅಂಗಾದ್ರೆ ಬರ್ಕೊಳಿ. ಎಲ್ಡು."

"ಎರಡೂ ಇದೇ ಮನೇಲಾ?"

"ಒಂದೇ ಮನೇಲಿ ಮಡೀಕಂಡ್ರೆ ನಾನು ಉಳ್ಕತೀನಾ? ಇದು ಇಲ್ಲಿ, ಅದು ನರಸೀಪುರದಲ್ಲಿ. ಆಯ್ತು ಬುಡಿ."

ಒಳಗಿನಿಂದ ಒಬ್ಬಳು ಹುಡುಗಿ, ನಮಗಿಂತ ಚಿಕ್ಕವಳು, ಬಸುರಿ, ಬಾಗಿಲಿಗೆ ಬಂದು ನಗುತ್ತ, "ಅವ್ರು ಅಂಗೇ ಕಣಕ್ಕಾ, ಬರೀ ತಮಾಸೆ" ಅಂದಳು. ನಾನು ಸೀರಿಯಸ್ಸಾಗಿ ಟ್ಯಾಬಿನಲ್ಲಿ "೨" ಒತ್ತಿ ಮುಂದಿನ ಮನೆಗೆ ಹೋದೆ. ಅಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ನನ್ನ ಕೈ ಹಿಡಿದು ಕೂರಿಸಿಕೊಂಡು, "ಅಲ್ಲ ಕಣ್ ಮಗಾ, ಓದಿರೋ ಮಗ ನೀನು, ಕಂಡೋರ್ನೆಲ್ಲ ಎಷ್ಟ್ ಎಂಡ್ರು ನಿಂಗೆ ಅಂತ ಕೇಳ್ಕಂಡ್ ತಿರುಗ್ತಿದ್ದೀಯಲ್ಲ!" ಅಂದಳು.

ಶ್ವೇತಾ! ಇಲ್ಲಿ ಸಂಸಾರ ಅಂದರೆ ಹೆಂಡತಿಯಂತೆ! ನಾನು ಒಂದು ತಿಂಗಳಿಂದ ಮೂರು ಊರಿನ ಗಂಡಸರನ್ನೆಲ್ಲ ಎಷ್ಟು ಹೆಂಡತಿಯರು ಅಂತ ಕೇಳಿದ್ದೇನೆ! ರಾತ್ರಿ ಫೋನಿನಲ್ಲಿ ನರೇಂದ್ರನಿಗೂ ಕೇಳಿದೆ. "ಒಂದೂವರೆ. ನಿನ್ನ ಬಾಯಿಯೇ ಅರ್ಧ ಸಂಸಾರ" ಅಂದರು. ನಕ್ಕು ನಕ್ಕು ಹೊಟ್ಟೆ ನೋವು.

ನೀನ್ಯಾಕೆ ತಿದ್ದಲಿಲ್ಲ? ನಿನಗೂ ಗೊತ್ತಿರಲಿಲ್ಲವಾ?

ಅಂದ ಹಾಗೆ, ಮಹಾಶಯನ ಇನ್ನೊಂದು ಸಂಸಾರ ನಿಮ್ಮೂರಿನಲ್ಲೇ ಇದೆಯಲ್ಲ, ಯಾವ ಪುಣ್ಯಾತ್ಗಿತ್ತಿ ಅಂತ ಪತ್ತೆ ಮಾಡು! ನಿನಗೂ ಹೊತ್ತು ಹೋಗುತ್ತದೆ.

ನಗುತ್ತಲೇ,
ಸಮೀ


ತಿ. ನರಸೀಪುರ
೨೨ ಜುಲೈ ೨೦೨೪

ಸಮೀ,

ಕಾಗದ ತಲುಪಿತು. ಇಲ್ಲಿ ಮಳೆ ಚೆನ್ನಾಗಿದೆ, ಸಂಗಮದಲ್ಲಿ ನೀರು ಏರಿದೆ.

ಆ ಮನೆ ಉದ್ದದ ಪ್ರಶ್ನೆಗೆ ಆಯ್ಕೆಯಾದರೆ ನೀನೇ ಹೋಗು. ಆ ಹುಡುಗಿಯ ಹತ್ತಿರ ಕೂತು ಮಾತಾಡು. ನಕ್ಕಳು ಅಂದೆಯಲ್ಲ, ಅದು ಗೊತ್ತಿದ್ದು ನಕ್ಕ ನಗುವೋ, ಗೊತ್ತಿಲ್ಲದ್ದೋ? ತಾಳಿ ಎಲ್ಲಿ ಕಟ್ಟಿದರು, ಯಾರು ಯಾರು ಬಂದಿದ್ದರು ಅಂತ ಕೇಳು. ನಿಮ್ಮ ಪ್ರಶ್ನೆಗಳಲ್ಲಿ ಮದುವೆಯ ವಿಷಯವೂ ಇರಬೇಕಲ್ಲ.

ಸುಮ್ಮನೆ ಕೇಳಿದೆ. ಇಲ್ಲಿ ಹೊತ್ತು ಹೋಗುವುದಿಲ್ಲ.

ಶ್ವೇತ


ನಂಜನಗೂಡು
೬ ಆಗಸ್ಟ್ ೨೦೨೪

ನನ್ನ ಕುತೂಹಲದ ಕೋತಿ,

ಆಷಾಢ ಮುಗಿಯಿತು! ನರೇಂದ್ರ ಕರೆಯಲು ಬಂದಾಗ ಎರಡು ಮೊಳ ಮಲ್ಲಿಗೆ, ಅಮ್ಮನಿಗೊಂದು ಸೀರೆ. ಅತ್ತೆ ಆರತಿ ಎತ್ತಿ ಒಳಗೆ ಕರೆದುಕೊಂಡರು. ಈ ಮನೆಗೆ ನನ್ನನ್ನು ಕಂಡರೆ ಇಷ್ಟು ಪ್ರೀತಿ ಅಂತ ಹೋಗಿ ಬಂದ ಮೇಲೆ ತಿಳಿಯಿತು. ನೀನೂ ಹೋಗಿ ಬರಬೇಕಿತ್ತು ಕಣೇ, ಬೆಲೆ ಹೆಚ್ಚುತ್ತೆ!

ನಿನಗೆ ಸರ್ವೆಯಲ್ಲಿ ಇಷ್ಟು ಆಸಕ್ತಿ ಅಂತ ಗೊತ್ತಿದ್ದರೆ ಕೆಲಸಕ್ಕೇ ಸೇರಿಸುತ್ತಿದ್ದೆ. ಹಸಿರು ಗೇಟಿನ ಮನೆ ಆಯ್ಕೆಯಾಗಿತ್ತು. ಮಹಾಶಯ ಇರಲಿಲ್ಲ. ಹುಡುಗಿ ಗೌತಮಿ ಅಂತ (ಅಯ್ಯೋ ಹೆಸರು ಬರೆದುಬಿಟ್ಟೆ, ಮರೆತುಬಿಡು). ಉಪ್ಪಿಟ್ಟು ಮಾಡಿ ಬಡಿಸಿದಳು. ಐದು ತಿಂಗಳು ತುಂಬಿದೆ. ಹಳೇ ಸೀರೆ ಹರಿದು ಕೂಸಿಗೆ ಬಟ್ಟೆ ಹೊಲಿಯುತ್ತಿದ್ದಾಳೆ. ಅಪ್ಪ ಅಮ್ಮ ಇಲ್ಲ, ಚಿಕ್ಕಪ್ಪ ಸಾಕಿದ್ದು. ಹೋದ ವರ್ಷ ಬೆಟ್ಟದ ಮೇಲೆ ತಾಳಿ ಕಟ್ಟಿದರಂತೆ. ಗಂಡಿನ ಕಡೆಯಿಂದ ಅವನ ತಾಯಿಯೇ ಮುಂದೆ ನಿಂತು ಮಾಡಿಸಿದರಂತೆ. ತಿಂಗಳಿಗೊಂದು ಸಲ ಬಂದು ಕಜ್ಜಾಯ ಕೊಟ್ಟು, ಹೊಟ್ಟೆ ಸವರಿ ಹೋಗುತ್ತಾರಂತೆ.

"ಇನ್ನೊಂದು ಸಂಸಾರ ಅಂದರಲ್ಲ ನಿಮ್ಮವರು?" ಅಂತ ತಮಾಷೆಗೆ ಕೇಳಿದೆ. "ಅದು ಅವ್ರ ಅವ್ವಂದು ಕಣಕ್ಕಾ. ಅವ್ವನ ಸಂಸಾರವೂ ಅವ್ರೇ ನೋಡ್ಕಬೇಕಲ್ಲ" ಅಂದಳು. ನೋಡಿದೆಯಾ? ನಾವಿಬ್ಬರೂ ಪಾಪದ ಮನುಷ್ಯನ ಮೇಲೆ ಏನೆಲ್ಲ ಕಲ್ಪಿಸಿಕೊಂಡೆವು! ಗೊತ್ತಿಲ್ಲದೆ ನಕ್ಕ ನಗು ಅದು. ಅಂಥ ನಗು ಸುಳ್ಳು ಇರುವ ಮನೆಯಲ್ಲಿ ಬರುವುದಿಲ್ಲ ಬಿಡು.

ಗೌರಿ ಹಬ್ಬ ಕಳೆದ ಮೇಲೆ ನಿಮ್ಮೂರಿಗೆ ಬರುತ್ತೇನೆ. ನಿಮ್ಮವರನ್ನು ಆ ದಿನ ಊರಲ್ಲೇ ಕಟ್ಟಿಹಾಕು.

ಸಮೀ


ನಂಜನಗೂಡು
೨೬ ಆಗಸ್ಟ್ ೨೦೨೪

ಶ್ವೇತಾ,

ಯಾಕೆ ಬರೆಯಲಿಲ್ಲ? ಫೋನೂ ಎತ್ತುವುದಿಲ್ಲ. ಕೋತಿ ಅಂದದ್ದಕ್ಕೆ ಕೋಪವಾ?

ನನ್ನ ವಾರ ಚೆನ್ನಾಗಿರಲಿಲ್ಲ. "ಎಷ್ಟು ಸಂಸಾರ" ಅನ್ನುವ ಪ್ರಶ್ನೆ ಬೆಂಗಳೂರಿನ ಆಫೀಸಿನವರ ಕಿವಿಗೆ ಬಿತ್ತು. ರಘು ಸರ್ ನನ್ನನ್ನು ಎಲ್ಲರೆದುರು ನಿಲ್ಲಿಸಿ, "ನಿಮ್ಮ ಇಂಗ್ಲಿಷ್ ಮೀಡಿಯಂ ಕನ್ನಡದಿಂದ ಮೂರು ಊರು ಹಾಳಾಯ್ತು" ಅಂದರು. ಆ ಪ್ರಶ್ನೆಯನ್ನೇ ಕಿತ್ತುಹಾಕಿದ್ದಾರೆ. ಬಂದ ಉತ್ತರಗಳೆಲ್ಲ ರದ್ದು. ಈಗ "ಈ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತೆ?" ಅಂತ ಹೊಸದಾಗಿ ಕೇಳಬೇಕು. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಮನೆ.

ಕವಲಂದೆಗೂ ಮತ್ತೆ ಹೋದೆ. ಗೌತಮಿ ನನ್ನನ್ನು ನೋಡಿದವಳೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹಿಂದಿನ ಸಲ ಉಪ್ಪಿಟ್ಟು, ಈ ಸಲ ಒಂದು ಲೋಟ ನೀರೂ ಇಲ್ಲ. ಕಣ್ಣು ಊದಿತ್ತು. ನಾನೇನು ಮಾಡಿದೆ? ಮಹಾಶಯನೂ ನಗಲಿಲ್ಲ. "ಒಂದೇ ಒಲೆ" ಅಂದ. ಆಮೇಲೆ, "ಓದ್ಸತಿ ಎಲ್ಡು ಅಂತ ಬರ್ಕೊಂಡಿದ್ರಲ್ಲ, ಅದ ಒಡ್ದಾಕಿ, ನನ್ ಕಣ್ಮುಂದೇನೇ ಒಡ್ದಾಕಿ" ಅಂದ. ಟ್ಯಾಬ್ ಅವನ ಕಡೆ ತಿರುಗಿಸಿ, ನನ್ನ ಬೆರಳಿಂದಲೇ ಅಳಿಸಿ ತೋರಿಸಿದೆ. "ಆಯ್ತು ಬುಡಿ" ಅಂದ.

ನನ್ನ ಪ್ರಶ್ನೆಯ ಕಥೆ ಅಲ್ಲಿಗೆ ಮುಗಿಯಿತು. ಎರಡು ಸಾಲಾದರೂ ಬರಿ.

ಸಮೀ


ದೇವನೂರು
೯ ಸೆಪ್ಟೆಂಬರ್ ೨೦೨೪

ಸಮೀಕ್ಷಾ,

ಈ ವಿಳಾಸ ನೋಡಿ ನಿನಗೆ ಅರ್ಥವಾಗಿರಬೇಕು. ಆಷಾಢಕ್ಕೆ ಬರದವಳು ಶ್ರಾವಣದಲ್ಲಿ ತವರಿಗೆ ಬಂದೆ. ನಿನ್ನ ಆರನೇ ತಾರೀಖಿನ ಕಾಗದ ನನ್ನ ಕೈ ಸೇರಿತು. ಆಮೇಲೆ ನರಸೀಪುರಕ್ಕೆ ಏನಾದರೂ ಬರೆದಿದ್ದರೆ ಅದು ನನಗೆ ಸಿಕ್ಕಿಲ್ಲ, ಮಲ್ಲಾಜಮ್ಮನವರ ಒಲೆಗೆ ಹೋಗಿರುತ್ತದೆ.

ಆ ನೀಲಿ ದಾರ ನನ್ನದು. ಬಿಳಿ ದಾರ ಮನೆಯಲ್ಲಿತ್ತು. ಅವರು ಅಂಗಿ ಹಾಕಿಕೊಳ್ಳುವಾಗಲೆಲ್ಲ ಕಣ್ಣಿಗೆ ಬೀಳಲಿ ಅಂತ ನೀಲಿಯಲ್ಲಿ ಹೊಲಿದೆ.

ನೀನು ಗುಟ್ಟು ಕಾಪಾಡಿದೆ. ಹೆಸರೊಂದನ್ನು ಬಿಟ್ಟು ಹೆಬ್ಬೆರಳು, ಅಂಗಿ, ಮಾತು, ಗೇಟು ಎಲ್ಲ ಬರೆದೆ. ನಾನೂ ನಿನಗೊಂದು ಮುಚ್ಚಿಟ್ಟೆ. ಸಂಸಾರ ಅಂದರೆ ಏನು ಅಂತ ನನಗೆ ಗೊತ್ತಿತ್ತು. ಅವರ ಬಟ್ಟೆ ಒಂದು ವರ್ಷದಿಂದ ನನ್ನದಲ್ಲದ ಮಡಿಕೆಯಲ್ಲಿ ವಾಪಸು ಬರುತ್ತಿತ್ತು, ಜೇಬಿನಲ್ಲಿ ಕವಲಂದೆಯ ಬಸ್ ಚೀಟಿ. ನಾನು ಕೇಳಿದರೆ ಹೇಳುವ ಗಂಡಸಲ್ಲ. ನೀನು ಕೇಳಿದರೆ ನಕ್ಕೊಂಡು ಹೇಳುತ್ತಾರೆ ಅಂತ ಪ್ರಶ್ನೆಯನ್ನು ತಿದ್ದದೆ ಬಿಟ್ಟೆ.

ನಾನೇ ಕವಲಂದೆಗೆ ಹೋದೆ. ಯಾರು ಅಂತ ಅವಳು ಕೇಳಿದಳು. ಬಾಯಿಗೆ ಬಂದದ್ದು "ಸಮೀಕ್ಷೆಯವಳು" ಅಂತ. "ನಿನ್ನೆ ಮೊನ್ನೆ ಬಂದಿದ್ದ ಅಕ್ಕನ ಜೊತೆಯವ್ರಾ?" ಅಂತ ಚಾಪೆ ಹಾಸಿದಳು. ನನಗೂ ಉಪ್ಪಿಟ್ಟು ಬಡಿಸಿದಳು ಸಮೀ. ತಿಂದೆ. ಕೂಸಿನ ಬಟ್ಟೆ ತಂದು ತೋರಿಸಿದಳು. ಹಿತ್ತಿಲಲ್ಲಿ ತಂತಿಯ ಮೇಲೆ ಆ ಅಂಗಿ ಒಣಗುತ್ತಿತ್ತು. "ಆ ಹೊಲಿಗೆ ಹಾಕಿದ್ದು ನಾನು" ಅಂದೆ. ಅವಳು ಮೊದಲು ನಕ್ಕಳು. ಆಮೇಲೆ ನನ್ನ ಕತ್ತಿನ ತಾಳಿ ನೋಡಿದಳು. ಅವಳನ್ನು ಬೈಯಬೇಕು ಅಂತ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಆಡಲಿಲ್ಲ.

ಆಮೇಲೆ ಅಪ್ಪ ಬಂದರು. ನರಸೀಪುರದಲ್ಲಿ ಅವರ ಜಗಲಿಯ ಮೇಲೆ ಬೀದಿಯ ಹಿರಿಯರನ್ನೆಲ್ಲ ಕೂರಿಸಿದರು. ನಾನು ಬಾಗಿಲ ಹಿಂದೆ. ಅಪ್ಪ ಬೇರೇನೂ ಕೇಳಲಿಲ್ಲ. "ನಿಂಗೆ ಎಷ್ಟು ಸಂಸಾರ, ಯೋಳಪ್ಪ" ಅಂದರು. ನಿನ್ನ ಪ್ರಶ್ನೆಯೇ.

"ಒಂದೇ" ಅಂದರು ನಮ್ಮನೆಯವರು.

ಒಂದು ಗಳಿಗೆ ನನ್ನ ಜೀವ ತಣ್ಣಗಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹುಡುಗಿಯ ನೆನಪೂ ಬರಲಿಲ್ಲ. ಗೆದ್ದೆ ಅನ್ನಿಸಿತು.

"ಯಾವ್ದು?" ಅಂತ ಕೇಳಿದರು ಅಪ್ಪ.

"ಕವಲಂದೆದು."

ಮಲ್ಲಾಜಮ್ಮನವರು ಒಳಗಿನಿಂದಲೇ, "ತೊಟ್ಲು ಕಟ್ಟೋ ಮನೆ ತಾನೇ ಮನೆ? ಐದೊರ್ಸ ಕಾದಿಲ್ವಾ ನಾವು? ನಾವೇನು ಒಡ್ದೋ ಬೈದೋ ಕಳಿಸ್ತಾ ಇದ್ದೀವಾ?" ಅಂದರು. ಹಿರಿಯರು ತಲೆ ತಗ್ಗಿಸಿ ಎಲೆ ಅಡಿಕೆ ಹಾಕಿಕೊಂಡರು. ಬಸುರಿಯ ಶಾಪ ಯಾಕೆ ಬೇಕು ಅಂದ ಒಬ್ಬ. ನನ್ನ ಟ್ರಂಕನ್ನು ಅಪ್ಪನೇ ಹೊತ್ತು ಬಸ್ಸಿಗೆ ಹಾಕಿದರು.

ಪೊಲೀಸು, ಕೋರ್ಟು ಅಂತ ನೀನು ಬರೆಯುತ್ತೀಯಾ. ನನಗೂ ಗೊತ್ತು. ಕಾನೂನಿನಲ್ಲಿ ನಾನೇ ಹೆಂಡತಿ. ಗೆದ್ದರೆ ಮತ್ತೆ ಆ ಮನೆಗೇ ಹೋಗಬೇಕು, ಸೋತರೆ ಇಲ್ಲಿ. ಅಪ್ಪನಿಗೆ ಎರಡನ್ನೂ ನೋಡುವ ಶಕ್ತಿ ಇಲ್ಲ. ಈ ಸಲ ಗೌರಿಗೆ ತವರಿನಿಂದ ನನಗೆ ಬಾಗಿನ ಕಳಿಸಬೇಕಿತ್ತು. ಮೊರ ಕೊಂಡು ತಂದಿದ್ದರು. ನಾನು ಇಲ್ಲೇ ಇದ್ದೆ. ಅಮ್ಮ ಅದನ್ನು ಅಟ್ಟದ ಮೇಲೆ ಇಟ್ಟಳು.

ಒಂದೇ ಒಂದು ಕೇಳುತ್ತೇನೆ. ಅವರು ಎರಡು ಅಂತ ಹೇಳಿದಾಗ ನಾನು ಲೆಕ್ಕದಲ್ಲಿದ್ದೆ. ಯಾರ ಭಯವೂ ಇಲ್ಲದೆ, ಬಾಯಿಬಿಟ್ಟು, ಅದು ನರಸೀಪುರದಲ್ಲಿ ಅಂತ ಹೇಳಿದರಲ್ಲ, ಅದು ನಾನು. ಆಮೇಲೆ ಎಲ್ಲಿಯೂ ಹೇಳಲಿಲ್ಲ. ಈಗ ನಾನು ಅವರ ಸಂಸಾರವಾಗಿರುವುದು ನಿನ್ನ ಸಮೀಕ್ಷೆಯಲ್ಲಿ ಮಾತ್ರ. ಅದೊಂದನ್ನು ಯಾರಾದರೂ ತಿದ್ದು ಅಂದರೂ ತಿದ್ದಬೇಡ.

ನಿನ್ನ ಮೇಲೆ ಕೋಪವಿಲ್ಲ. ಇದೆ ಅಂತಲೂ ಒಂದೊಂದು ಹೊತ್ತು ಅನ್ನಿಸುತ್ತದೆ.

ಶ್ವೇತ


ನಂಜನಗೂಡು
೧೪ ಸೆಪ್ಟೆಂಬರ್ ೨೦೨೪

ಶ್ವೇತಾ,

ಗುಲಾಬಿ ಕಾಗದ ಇನ್ನೂ ಇತ್ತು. ಇದನ್ನು ಬಿಳಿ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ನರಸೀಪುರಕ್ಕೆ ಒಂದು ಕಾಗದ ಬರೆದಿದ್ದೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ.

ನಿನ್ನೆ ಮೆಟ್ಟಿಲ ಮೇಲೆ ಕೂತಾಗ ನರೇಂದ್ರನಿಗೆ ಆ ಪ್ರಶ್ನೆಯನ್ನು ಮತ್ತೆ ಕೇಳಿದೆ. ನಕ್ಕರು. ನಾನು ಉತ್ತರ ಬರಲಿ ಅಂತ ಕಾದೆ. "ಯಾಕೆ ಹಾಗೆ ನೋಡ್ತೀಯಾ?" ಅಂದರು.

ಕವಲಂದೆಯ ಹಸಿರು ಗೇಟಿನ ಮನೆ. ಉತ್ತರ ಎರಡು. ಹಾಗೇ ಇದೆ. ಯಾರೂ ಅಳಿಸಿಲ್ಲ.

ಸಮೀಕ್ಷಾ